ಬೀಜ ಬಿಡದ ಲಾವಂಚ

ಭೂಮಿ ಇನ್ನೂ ಹಸಿಯಾಗಿದ್ದ ಕಾಲವದು. ಬೆಟ್ಟಗಳಿಗೆ ಆಗಷ್ಟೇ ಎದ್ದು ನಿಲ್ಲುವುದು ರೂಢಿಯಾಗಿತ್ತು. ಮಳೆ, ಹುಲ್ಲು, ಮನುಷ್ಯರು ಎಲ್ಲರದೂ ಒಂದೇ ಮಾತು. ಯಾರು ಯಾರನ್ನು ಕರೆದರೂ ಓಗೊಡುತ್ತಿದ್ದರು.

ಆಗ ಒಂದು ಕಡಿದಾದ ಬೆಟ್ಟದ ಮೇಲೆ ಮಾದಕ್ಕ ಎಂಬ ಹೆಂಗಸು ಗಂಡ ಬೊಮ್ಮಯ್ಯನ ಜೊತೆ ಬಾಳುತ್ತಿದ್ದಳು. ಬೆಟ್ಟವೇ ಅವರ ದೇವರು. ದೇವರ ಮೈ ಕೊಳೆಯಾಗಿರಬಾರದಲ್ಲ? ಅದಕ್ಕೇ ಮೊದಲ ಮಳೆಗೆ ಮುಂಚೆ ಮನೆಗಿಷ್ಟು ಎಂದು ಇಳಿಜಾರನ್ನು ಹಂಚಿಕೊಂಡು, ಒಂದು ಗರಿ ಹುಲ್ಲೂ ಉಳಿಯದಂತೆ ಕಿತ್ತು, ಗುಡಿಸಿ, ಸಗಣಿ ಸಾರಿಸಿ, ರಂಗೋಲಿ ಬಿಡುವುದು ಅಲ್ಲಿಯವರ ಸೇವೆ. ಬೆಟ್ಟ ಅಂಗಳದ ಹಾಗೆ ಕಾಣುತ್ತಿತ್ತು. ಎಲ್ಲರೂ ಕೈಮುಗಿಯುತ್ತಿದ್ದರು.

ಮಳೆಯೂ ಆಗ ಮರ್ಯಾದೆಯಿಂದ ಬರುತ್ತಿತ್ತು. ಮೃಗಶಿರಕ್ಕೆ ಇಷ್ಟು, ಆರಿದ್ರಕ್ಕೆ ಇಷ್ಟು. ಸಾರಿಸಿದ ನೆಲದ ಮೇಲೆ ನೆಂಟರು ಕಾಲೊರೆಸಿಕೊಂಡು ನಡೆದ ಹಾಗೆ ಮೆತ್ತಗೆ ಬಂದು ಹೋಗುತ್ತಿತ್ತು.

ಆಮೇಲೆ ಮಳೆಯ ಹದ ತಪ್ಪಿತು. ತಿಂಗಳುಗಟ್ಟಲೆ ಸುಳಿವೇ ಇಲ್ಲ. ಬಂದರೆ ಒಂದೇ ದಿನಕ್ಕೆ ತಿಂಗಳ ಮಳೆ. ಅಂಥ ದಿನ ಬೋಳು ಇಳಿಜಾರಿನ ಮಣ್ಣೆಲ್ಲ ಕಳಚಿಕೊಂಡು ಕೆಳಗೆ ಹೋಗುತ್ತಿತ್ತು. ಮಾದಕ್ಕನ ಗೋಡೆ ಹೋಯಿತು, ಒಲೆ ಹೋಯಿತು. ಅವಳು ಮೇಲೆ ಬಂದು ಮತ್ತೆ ಒಲೆ ಹೂಡಿದಳು. ಮರುವರ್ಷ ಅದೂ ಹೋಯಿತು. ಇನ್ನೂ ಮೇಲೆ ಬಂದು ಮತ್ತೆ ಒಲೆ ಹೂಡಿದಳು. ಅದೂ ಹೋಗಿ, ನಾಲ್ಕನೆಯ ಒಲೆಗೆ ಮಣ್ಣು ಕಲಸುವಾಗ ತಲೆಯೆತ್ತಿ ನೋಡಿದಳು. ಮೇಲೆ ಬರೀ ಬಂಡೆ.

“ಏನ್ರೀ, ಇದೂ ಹೋದರೆ?”

“ಇನ್ನೇನು, ದೇವರನ್ನು ಬಿಟ್ಟು ಕೆಳಗಿಳಿಯೋದು,” ಎಂದ ಬೊಮ್ಮಯ್ಯ. “ಒಲೆ ಹೂಡಿ ಹೂಡಿ ನಿನ್ನ ಕೈ ಪಳಗಿದೆ ಕಣೇ. ಎಲ್ಲಿ ಹೋದರೂ ಬದುಕ್ತೀಯ.”

“ತಮಾಷೆ ಮಾಡೋಕೆ ನಿಮಗಿನ್ನೂ ತ್ರಾಣ ಇದೆಯಲ್ಲ, ಪುಣ್ಯ.”

ಬಂಡೆಯ ಮೇಲೆ ಒಂದು ಮೋಡ ಕೂತು ಏದುಸಿರು ಬಿಡುತ್ತಿತ್ತು. ಮಾದಕ್ಕ ಅದನ್ನೇ ಕೇಳಿದಳು, “ಯಾಕಪ್ಪ ಹೀಗೆ ಮಾಡ್ತೀಯ?”

“ಕಡಲು ಕಾದುಹೋಗಿದೆ ತಾಯಿ. ಮೊದಲು ಒಂದು ಕೊಡ ಹೊರಿಸ್ತಿತ್ತು, ಈಗ ಹತ್ತು ಕೊಡ. ಹೆಗಲು ಸೋತಲ್ಲಿ ಇಳಿಸಿಬಿಡ್ತೀನಿ.”

“ಮೊದಲಿನ ಹಾಗೆ ಯಾವಾಗ ಬರ್ತೀಯ?”

“ಕಡಲು ಆರಲಿ, ನೋಡೋಣ. ಅಲ್ಲಿವರೆಗೆ ನಿಮ್ಮ ದಾರಿ ನೀವು ನೋಡ್ಕೊಳ್ಳಿ.” ಮೋಡ ಸೊಂಟ ಹಿಡಿದುಕೊಂಡು ಎದ್ದು ಹೋಯಿತು.

ಹುಲ್ಲು ಕೀಳುವ ದಿನ ಬಂತು. ಮಾದಕ್ಕ ತನ್ನ ಪಾಲಿನ ಇಳಿಜಾರಿಗೆ ಹೋದಳು. ಎಲ್ಲ ಕಡೆ ಮಣ್ಣು ಕೊಚ್ಚಿಹೋಗಿ ಒಂದು ಮೂಲೆ ಮಾತ್ರ ಹಾಗೇ ನಿಂತಿತ್ತು. ಹೋದ ವರ್ಷ ಬೊಮ್ಮಯ್ಯ ಮೊಣಕಾಲು ನೋವೆಂದು ಕೀಳದೆ ಬಿಟ್ಟ ಮೂಲೆ ಅದು. ಅಲ್ಲಿ ಒಂದೇ ಒಂದು ಲಾವಂಚದ ಬುಡ ಇತ್ತು.

“ಕೀಳು, ಕೀಳು. ವರ್ಷವೂ ಇದ್ದದ್ದೇ,” ಎಂದಿತು ಲಾವಂಚ.

ಮಾದಕ್ಕ ಕುಡುಗೋಲು ಕೆಳಗಿಟ್ಟು ಕೂತಳು. “ಮಣ್ಣು ಹಿಡಿದಿದ್ದು ನೀನಾ? ಇಡೀ ಬೆಟ್ಟ ಹಿಡಿಯೋಕಾಗುತ್ತಾ?”

“ಒಂದು ಮೊರದಷ್ಟು. ನನ್ನ ಬೇರು ಗೇಣುದ್ದ, ಅದೂ ಅಡ್ಡಡ್ಡ. ಬೆಟ್ಟ ಹಿಡಿಯೋಕೆ ಬಂಡೆವರೆಗೆ ಇಳಿಯಬೇಕು. ಇರೋ ಶಕ್ತಿಯೆಲ್ಲ ಅದಕ್ಕೇ ಹೋಗುತ್ತೆ. ಬೀಜ ಕಟ್ಟೋಕೆ ಏನೂ ಉಳಿಯಲ್ಲ. ನನ್ನ ವಂಶ ನಿಂತುಹೋಗುತ್ತೆ ಮಾದಕ್ಕ.”

“ನಾನು ಬುಡ ಸೀಳಿ ಕೈಯಾರೆ ನೆಡ್ತೀನಿ.”

“ಎಷ್ಟು ವರ್ಷ?”

ಮಾದಕ್ಕ ಸುಳ್ಳು ಹೇಳುವವಳಲ್ಲ. “ನನ್ನ ಸೊಂಟ ಬಗ್ಗುವಷ್ಟು ವರ್ಷ. ಆಮೇಲೆ ಇನ್ನೊಬ್ಬರು ಬಗ್ಗಬೇಕು. ಅದಕ್ಕಿಂತ ಹೆಚ್ಚು ಹೇಳಲಾರೆ.”

“ಆಗಲಿ,” ಎಂದಿತು ಲಾವಂಚ.

ಅವಳು ಬುಡವನ್ನು ಸೀಳಿ, ತನ್ನ ಒಲೆಯ ಮೇಲ್ಗಡೆ ಇಳಿಜಾರಿಗೆ ಅಡ್ಡವಾಗಿ ಸಾಲು ನೆಟ್ಟಳು. ಚಿಲುಮೆಯಿಂದ ಕೊಡ ಹೊತ್ತು ನೀರೆರೆದಳು. ಊರ ಹಿರಿಯ ಗುಡ್ಡಜ್ಜ ಊರುಗೋಲು ಕುಟ್ಟುತ್ತ ಬಂದ.

“ಎಲ್ಲರೂ ದೇವರ ಮೈ ತೊಳೆದರೆ ನೀನು ಕಸ ನೆಡ್ತೀಯೇನೇ?”

“ಬೇಡವಾದರೆ ದೇವರೇ ಜಾರಿಸಿಬಿಡಲಿ ಅಜ್ಜ. ಗುಡಿಸಿದವರನ್ನು ಬಿಟ್ಟನೇ?”

ಆ ವರ್ಷ ಮಳೆ ಬಹಳ ತಡವಾಯಿತು. ಲಾವಂಚ ಒಂದೊಂದೇ ಎಳೆಯಾಗಿ ಇಳಿಯಿತು. ಕೆಂಪು ಮಣ್ಣು ದಾಟಿತು, ಕಲ್ಲು ಬೆರೆತ ಗರಸು ದಾಟಿತು, ಬಂಡೆಯ ಬಿರುಕಿಗೆ ಬೆರಳು ಹಾಕಿತು.

“ಯಾರದು?” ಎಂದಿತು ಬೆಟ್ಟ.

“ನಾನು, ಲಾವಂಚ. ಸ್ವಲ್ಪ ಹಿಡ್ಕೊಂಡಿರ್ತೀನಿ.”

“ಹಿಡ್ಕೋ ಮಗಳೇ. ನಿಂತು ನಿಂತು ನನಗೂ ಸಾಕಾಗಿದೆ.” ಬೆಟ್ಟದ ಬಳಿ ಕೊಡಲು ಬೇರೇನೂ ಇರಲಿಲ್ಲ. ಜಗತ್ತಿನ ಮೊಟ್ಟಮೊದಲ ಮಳೆಗೆ ಎದ್ದ ಮಣ್ಣಿನ ಘಮ ಮಾತ್ರ ಹೊಟ್ಟೆಯಲ್ಲಿ ಉಳಿದಿತ್ತು. ಅದನ್ನು ಬೇರಿಗೆ ಸವರಿತು.

ಮಳೆ ಬಂತು. ಹತ್ತು ಕೊಡವನ್ನೂ ಒಮ್ಮೆಗೇ ಇಳಿಸಿತು. ಗುಡಿಸಿದ ಪಾಲುಗಳು ಒಂದೊಂದಾಗಿ ಜಾರಿದವು. ಮಾದಕ್ಕ ಒಲೆಯ ಮೇಲೆ ಎರಡೂ ಕೈಯಿಟ್ಟು ದೇವರ ಹೆಸರು ಹೇಳುತ್ತ ಕೂತಳು. ಸಾಲಿನ ಮೇಲ್ಗಡೆ ರಾಡಿಯಾಗಿ ಬಂದ ನೀರು ಸಾಲು ದಾಟಿ ತಿಳಿಯಾಗಿ, ನಿಧಾನವಾಗಿ ಹರಿಯಿತು. ಸಾಲಿಲ್ಲದ ಕಡೆ, ಮನೆಯ ಕೆಳಗಿದ್ದ ಅವಳ ಅರ್ಧ ಹೊಲ ಹೋಯಿತು. ಒಲೆ ಉಳಿಯಿತು.

ಬೆಳಗ್ಗೆ ಗುಡ್ಡಜ್ಜ ಕೆಸರು ಮೆತ್ತಿಕೊಂಡು ಬಂದು ಲಾವಂಚದ ಸಾಲನ್ನು ಊರುಗೋಲಿನಿಂದ ತಟ್ಟಿ ನೋಡಿದ. ಕೊನೆಗೆ, “ಆ ಕಸದಲ್ಲಿ ಎರಡು ಬುಡ ಕೊಡವ್ವ,” ಎಂದ.

“ಬಗ್ಗೋಕಾಗುತ್ತಾ ಅಜ್ಜ?”

“ಆಗಬೇಕಲ್ಲ.”

ಕಡಲು ಆರಲಿಲ್ಲ, ಮಳೆ ಮೊದಲಿನ ಹಾಗೆ ಆಗಲಿಲ್ಲ. ಮಾದಕ್ಕ ವರ್ಷವೂ ಬಗ್ಗಿದಳು, ವರ್ಷವೂ ನೆಟ್ಟಳು. ಅವಳ ಸೊಂಟ ಸೋತ ಮೇಲೆ ಇನ್ನೊಬ್ಬರು ಬಗ್ಗಿದರು.

ಮಕ್ಕಳೇ, ಆದ್ದರಿಂದಲೇ ಲಾವಂಚದ ಬೇರು ಅಡ್ಡ ಹೋಗದೆ ನೆಟ್ಟಗೆ ಕೆಳಗಿಳಿಯುತ್ತದೆ, ಕುಡಿಯುವ ನೀರಿಗೆ ಹಾಕಿದರೆ ಹಸಿ ಮಣ್ಣಿನಂತೆ ಘಮ್ಮೆನ್ನುತ್ತದೆ. ಆದ್ದರಿಂದಲೇ ಅದು ಇವತ್ತಿಗೂ ಬೀಜ ಚೆಲ್ಲಿ ತಾನಾಗಿ ಹಬ್ಬುವುದಿಲ್ಲ. ಯಾರಾದರೂ ಬಂದು, ಬಗ್ಗಿ, ಬುಡ ಸೀಳಿ ನೆಡುವವರೆಗೆ ಇಳಿಜಾರಿನಲ್ಲಿ ತಲೆ ಬಾಗಿಸಿ ಕಾಯುತ್ತಿರುತ್ತದೆ.