ಹೂಜಿಯ ಮೇಲಿನ ಕುದುರೆ

ಜಟಕಾ ಎಳೆದೆಳೆದು ಮುದಿಯಾಗಿದ್ದ ಶೇರು ಎಂಬ ಕುದುರೆಗೆ ಅವತ್ತಿನ ಕಡೆಯ ಬಾಡಿಗೆ ಒಂದು ಪಿಂಗಾಣಿ ಹೂಜಿ. ಹಳೇ ಕಾಲದ ರೇಸುಗಳಲ್ಲಿ ಬಹುಮಾನವಾಗಿ ಕೊಟ್ಟ ಪಿಂಗಾಣಿ ಎಂದರೆ ಪ್ರಾಣ ಬಿಡುತ್ತಿದ್ದ ನಂಜರಾಜೇ ಅರಸರು ಅದನ್ನು ಹರಾಜಿನಲ್ಲಿ ಹಿಡಿದಿದ್ದರು. ಹೂಜಿಯ ಮೇಲೆ ಸವಾರನನ್ನು ಹೊತ್ತು ಓಡುವ ಕುದುರೆಯ ಚಿತ್ರವಿತ್ತು.

ಅರಸರ ಮನೆ ಮುಂದೆ ಗಾಡಿ ನಿಂತಿತು. ಗಾಡಿಯೊಳಗೆ ಹುಲ್ಲಿನ ಮೇಲೆ ಮಲಗಿಸಿದ್ದ ಹೂಜಿಯಿಂದ ಚಿತ್ರದ ಕುದುರೆ ಕೇಳಿತು: “ಏನಯ್ಯಾ ಮುದುಕ, ಇಷ್ಟಕ್ಕೇ ಏದುಸಿರೇ? ಈ ಅರಸರ ತಾತನ ಕಾಲದಲ್ಲಿ ರೇಸು ಗೆದ್ದವನು ನಾನು. ಇವತ್ತಿಗೂ ಓಟ ನಿಲ್ಲಿಸಿಲ್ಲ.”

“ದೊಡ್ಡವರು ತಾವು, ಸ್ವಾಮಿ. ನನಗೆ ಸಂಜೆಯಾದರೆ ಸಾಕಾಗಿದೆ,” ಎಂದಿತು ಶೇರು. ವಾದ ಮಾಡಲು ಅದಕ್ಕೆ ತ್ರಾಣವಿರಲಿಲ್ಲ.

ಅಷ್ಟರಲ್ಲಿ ಗಾಡಿಯ ಯಜಮಾನ ಬುಡನ್ ಸಾಬ ಇಳಿದು ಬಂದ. “ಸಾಕು ಮಗನೇ, ಇವತ್ತಿಗೆ ಮುಗೀತು,” ಎನ್ನುತ್ತ ಶೇರುವಿನ ಕಡಿವಾಣ ಕಳಚಿದ, ಪಟ್ಟಿಗಳನ್ನು ಬಿಚ್ಚಿದ, ಬೆವೆತ ಬೆನ್ನನ್ನು ಗೋಣಿತಾಟಿನಿಂದ ಒರೆಸಿದ. ಶೇರು ಧೂಳಿನಲ್ಲಿ ಬಿದ್ದು ಹೊರಳಾಡಿತು.

ಅರಸರು ಹೊರಗೆ ಬಂದು ಗಾಡಿಯಿಂದ ಹೂಜಿಯನ್ನು ಎತ್ತಿಕೊಂಡಾಗ ಚಿತ್ರದ ಕುದುರೆ ಮೆಲ್ಲಗೆ ಕೇಳಿತು: “ನಿನ್ನನ್ನು ಬಿಚ್ಚಿಬಿಡುತ್ತಾರೇನಯ್ಯಾ?”

“ದಿನಾ ಸಂಜೆ ಬಿಚ್ಚುತ್ತಾರೆ, ಸ್ವಾಮಿ. ತಮ್ಮನ್ನು?”

ಚಿತ್ರದ ಕುದುರೆಯ ಬೆನ್ನ ಮೇಲೆ ಸವಾರ ಚಾಟಿ ಎತ್ತಿಕೊಂಡೇ ಕೂತಿದ್ದ.

ಶೇರು ಹೊರಗೆ ನಿಂತು ಕಿಟಕಿಯೊಳಗೆ ನೋಡಿತು. ಅರಸರು ಹೂಜಿಯನ್ನು ಗಾಜಿನ ಬೀರುವಿನಲ್ಲಿಟ್ಟು, “ಆಹಾ, ಎಂಥಾ ಓಟ!” ಎಂದು ತಲೆದೂಗಿ, ಬೀಗ ಹಾಕಿದರು.