ಗೋಡೆಯ ಮೇಲೆ ಮೂರು ಬಡಿತ

“ಗುರುಗಳೇ, ಒಳ್ಳೆಯ ಮಾತು ಪಕ್ಕದ ಮನೆಯವರ ಕಿವಿಗೂ ಬಿದ್ದರೆ ಅದು ತಪ್ಪಾಗುತ್ತದೆಯೇ?”

ಹೀಗೆ ಕೇಳಿದವನು ಅಡವಯ್ಯ ಎಂಬ ಶಿಷ್ಯ. ಅವನು ಏಕೆ ಹೀಗೆ ಕೇಳಿದ ಎಂಬುದನ್ನು ಮೊದಲು ಹೇಳಬೇಕು. ಅದನ್ನು ಹೇಳದಿದ್ದರೆ ಗುರುಗಳು ಹೇಳಿದ ಕತೆ ಪೂರ್ತಿ ಅರ್ಥವಾಗುವುದಿಲ್ಲ.

ಗುರುಗಳಿಗೆ ವಯಸ್ಸಾಗಿ ದನಿ ಕುಗ್ಗಿತ್ತು. ಆದ್ದರಿಂದ ಅವರು ಹಿಂದೆ ಮಾಡಿದ್ದ ಪ್ರವಚನಗಳನ್ನು ಪ್ರತಿ ಸಂಜೆ ಮಠದ ಪಡಸಾಲೆಯಲ್ಲಿ ಟಿ.ವಿ.ಯಲ್ಲಿ ಹಾಕುತ್ತಿದ್ದರು. ಕೇಳಲು ಬರುವವರಲ್ಲಿ ಮುದುಕರೇ ಹೆಚ್ಚು. ಟಿ.ವಿ. ಹೊಸದು, ತೆಳ್ಳಗಿನದು. ಅಂಥ ಟಿ.ವಿ.ಗಳಲ್ಲಿ ಚಿತ್ರ ಚೆನ್ನಾಗಿರುತ್ತದೆ, ದನಿ ಮಾತ್ರ ಸಣ್ಣದು. ಹಿಂದಿನ ಸಾಲಿನವರಿಗೆ ಅದು ಮುಟ್ಟುತ್ತಿರಲಿಲ್ಲ. ಬೇರೆ ಸ್ಪೀಕರ್ ತಂದು ಜೋಡಿಸಬೇಕು ಎಂದು ಎಲ್ಲರೂ ಹೇಳಿದರು. ತರುವ ಕೆಲಸ ಅಡವಯ್ಯನ ಪಾಲಿಗೆ ಬಂತು.

ಅವನು ಅಂಗಡಿಯಿಂದ ಎರಡು ಬಗೆಯ ಸ್ಪೀಕರ್‌ಗಳನ್ನು ಹಾಕಿ ನೋಡಲು ತಂದಿದ್ದ. ಒಂದು ಚಿಕ್ಕದು, ಇನ್ನೊಂದು ದೊಡ್ಡದು. ಎರಡರ ಬೆಲೆಯೂ ಮಠಕ್ಕೆ ಭಾರವಾಗುವಂಥದ್ದಲ್ಲ. ಆದ್ದರಿಂದ ಬೆಲೆ ನೋಡಿ ತೀರ್ಮಾನಿಸುವಂತಿರಲಿಲ್ಲ. ದೊಡ್ಡದನ್ನು ಎರಡು ಸಂಜೆ ಹಾಕಿದ. ಪ್ರವಚನ ಬೀದಿಯ ತುದಿಯವರೆಗೂ ಕೇಳಿಸಿತು. ಎರಡು ಸಂಜೆಯೂ ಪಕ್ಕದ ಮನೆಯವರು, ದಯವಿಟ್ಟು ದನಿ ಇಳಿಸಿ ಎಂದು ಹೇಳಿ ಕಳುಹಿಸಿದರು. ಅಡವಯ್ಯನಿಗೆ ಬೇಸರವಾಯಿತು. ಸಿನಿಮಾ ಹಾಡಾಗಿದ್ದರೆ ಅವರು ಹಾಗೆ ಹೇಳುವುದು ಸರಿ. ಇದು ಗುರುಗಳ ಮಾತಲ್ಲವೇ ಎಂದು ಅವನಿಗೆ ಅನ್ನಿಸಿತು. ಅದಕ್ಕೇ ಆ ಪ್ರಶ್ನೆ.

ಗುರುಗಳು ಅವನಿಗೆ ಕುಳಿತುಕೊಳ್ಳಲು ಕೈಸನ್ನೆ ಮಾಡಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ವಿದ್ಯುತ್ ಮಗ್ಗಗಳ ಶೆಡ್ಡಿನಲ್ಲಿ ಮೂವತ್ತೈದು ವರ್ಷ ದುಡಿದವನು. ಆ ಶೆಡ್ಡಿನಲ್ಲಿ ನಲವತ್ತು ಮಗ್ಗಗಳು ಒಟ್ಟಿಗೆ ಓಡುತ್ತಿದ್ದವು. ಅಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಕಿರುಚಿದರೂ ಕೇಳಿಸುವುದಿಲ್ಲ. ಆದ್ದರಿಂದ ಅಲ್ಲಿಯವರು ಬೇರೊಂದು ರೂಢಿ ಮಾಡಿಕೊಂಡಿದ್ದರು. ಎಳೆ ಹರಿದು, ಒಬ್ಬರಿಂದಲೇ ಕೂಡಿಸಲು ಆಗದಿದ್ದಾಗ, ಮಗ್ಗದ ಕಬ್ಬಿಣದ ಚೌಕಟ್ಟಿನ ಮೇಲೆ ಮೂರು ಸಲ ಬಡಿಯುವುದು. ಸ್ವಲ್ಪ ತಡೆದು ಮತ್ತೆ ಮೂರು ಸಲ. ‘ಎಳೆ ಹರಿದಿದೆ, ಬಾ’ ಎಂದು ಅದರ ಅರ್ಥ. ಬಡಿದದ್ದು ಪಕ್ಕದವರ ಕಿವಿಗೆ ಬೀಳುತ್ತಿರಲಿಲ್ಲ. ನೆಲದ ಮೂಲಕ ಹಾಯ್ದು, ಅವರ ಮಗ್ಗದ ಮೇಲಿಟ್ಟ ಅಂಗೈಗೆ ತಿಳಿಯುತ್ತಿತ್ತು. ತಿಳಿದವರು ಬಂದು ಕೈ ಕೊಡುತ್ತಿದ್ದರು.

ನೇಕಾರನ ಪಕ್ಕದ ಮಗ್ಗದಲ್ಲಿ ಒಬ್ಬಳು ಹೆಂಗಸು ನೇಯುತ್ತಿದ್ದಳು. ಅವಳು ಅವನ ನೆರೆಮನೆಯವಳೂ ಹೌದು. ಎರಡು ಮನೆಗೂ ಒಂದೇ ಗೋಡೆ. ಅವಳು ಬಡಿದಾಗಲೆಲ್ಲ ಅವನು ಹೋಗುತ್ತಿದ್ದ, ಅವನು ಬಡಿದಾಗಲೆಲ್ಲ ಅವಳು ಬರುತ್ತಿದ್ದಳು.

ವರ್ಷಗಳು ಕಳೆದವು. ನೇಕಾರನ ಕಿವಿ ಮಂದವಾಯಿತು. ಶೆಡ್ಡಿನಲ್ಲಿ ದುಡಿದ ಬಹಳ ಜನರಿಗೆ ಹಾಗಾಗುತ್ತದೆ. ಅವನು ಕೆಲಸ ಬಿಟ್ಟು ಮನೆಯಲ್ಲಿ ಕುಳಿತ. ನೆರೆಮನೆಯ ಹೆಂಗಸಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಯಿತು. ದನಿಯೂ ಸಣ್ಣಗಾಯಿತು. ಅವಳ ಮಂಚ ಆ ನಡುಗೋಡೆಯ ಬದಿಗೇ ಇತ್ತು. ಅವಳನ್ನು ನೋಡಿಕೊಳ್ಳುತ್ತಿದ್ದವಳು ಸೊಸೆ. ಸೊಸೆ ಹೊರಕಟ್ಟೆಯ ಮೇಲೆ ಕುಳಿತು ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದಳು, ಏಕೆಂದರೆ ಆ ಕೆಲಸಕ್ಕೆ ಬೆಳಕು ಬೇಕು. ಒಳಗಿನಿಂದ ಅತ್ತೆ ಹಿತ್ತಾಳೆಯ ಲೋಟವನ್ನು ಮಂಚದ ಕಬ್ಬಿಣಕ್ಕೆ ಬಡಿದರೆ ಎದ್ದು ಹೋಗುತ್ತಿದ್ದಳು. ಆ ಮನೆ ಹಾಗೆ ನಡೆಯುತ್ತಿತ್ತು.

ಇತ್ತ ನೇಕಾರನಿಗೆ ಒಂದೇ ಆಸೆ ಉಳಿದಿತ್ತು. ದಿನಾ ಮಧ್ಯಾಹ್ನ ನಾಲ್ಕಕ್ಕೆ ಟಿ.ವಿ.ಯಲ್ಲಿ ಪುರಾಣ ಹೇಳುತ್ತಿದ್ದರು. ಅದನ್ನು ಕೇಳಬೇಕು. ಚಿತ್ರ ಕಾಣುತ್ತಿತ್ತು, ಹೇಳುವವರ ತುಟಿ ಆಡುತ್ತಿತ್ತು, ಮಾತು ಮಾತ್ರ ಇವನಿಗೆ ಮುಟ್ಟುತ್ತಿರಲಿಲ್ಲ. ಹೆಂಡತಿ ಆ ಹೊತ್ತಿಗೆ ಕೆಲಸಕ್ಕೆ ಹೋಗಿರುತ್ತಿದ್ದಳು, ಕಿವಿಯಲ್ಲಿ ಹೇಳುವವರು ಯಾರೂ ಇರಲಿಲ್ಲ. ಅವನು ಸ್ಪೀಕರ್ ಕೊಳ್ಳಲು ಅಂಗಡಿಗೆ ಹೋದ.

ಅಂಗಡಿಯವನು ಮೊದಲು ಒಂದು ಚಿಕ್ಕ ಸ್ಪೀಕರನ್ನು ತೋರಿಸಿದ. ನೇಕಾರ ಅದಕ್ಕೆ ಕಿವಿ ಕೊಡಲಿಲ್ಲ. ಅದರ ಮೇಲೆ ಅಂಗೈ ಇಟ್ಟ. ಅವನು ಮಗ್ಗವನ್ನು ಪರೀಕ್ಷಿಸುತ್ತಿದ್ದದ್ದು ಹಾಗೆಯೇ. ಅಂಗೈಗೆ ನಡುಕ ಸಿಕ್ಕರೆ ಮಗ್ಗ ಓಡುತ್ತಿದೆ, ಸಿಗದಿದ್ದರೆ ನಿಂತಿದೆ.

“ಇದರಾಗ ಜೀವಾನ ಇಲ್ಲಲ್ಲೋ,” ಎಂದ.

“ಕಾಕಾ, ಸ್ಪೀಕರ್ ಕೊಳ್ಳಾಕ ಬಂದೀರೋ, ಎತ್ತು ಕೊಳ್ಳಾಕ ಬಂದೀರೋ? ಮೈಮ್ಯಾಲ ಕೈಯಾಡಸಾಕತ್ತೀರಿ,” ಎಂದು ಅಂಗಡಿಯವನು ನಕ್ಕ. ಆಮೇಲೆ ಅವನ ಕಿವಿಯ ಹತ್ತಿರ ಬಾಯಿ ತಂದು ಜೋರಾಗಿ ಹೇಳಿದ: “ನಿಮಗ ಮಾತು ಕೇಳಬೇಕಲ್ಲ? ಮಾತಿಗೆ ಈ ಸಣ್ಣದ ಚಲೋ. ಕಿವಿ ಬಾಜೂಕ ಇಟಗೊಂಡ್ರ ಆತು.”

“ಮೂವತ್ತೈದು ವರ್ಷ ಮಷೀನ ನಡಸೀನಿ. ನಡಿಯೋದು ಯಾವುದು, ನಿಂತಿದ್ದು ಯಾವುದು ನನ್ನ ಕೈಗೆ ಗೊತ್ತೈತಿ,” ಎಂದ ನೇಕಾರ.

ಅಂಗಡಿಯ ಮೂಲೆಯಲ್ಲಿ ಒಂದು ದೊಡ್ಡ ಪೆಟ್ಟಿಗೆ ಇತ್ತು. ಮದುವೆಗಳಿಗೆ ಬಾಡಿಗೆ ಹೋಗಿ ಹಳೆಯದಾಗಿದ್ದರಿಂದ ಅಗ್ಗಕ್ಕೆ ಸಿಗುತ್ತಿತ್ತು. ಅದನ್ನು ಹಚ್ಚಿದಾಗ ಅವನ ಅಂಗೈಯಿಂದ ಮೊಳಕೈವರೆಗೆ ನಡುಗಿತು. ನೇಕಾರ ಅದನ್ನೇ ಕೊಂಡ.

ಇಲ್ಲಿ ಒಂದು ಮಾತು ಗಮನಿಸಬೇಕು, ಎಂದರು ಗುರುಗಳು. ಅವನು ಹೇಳಿದ್ದು ಸುಳ್ಳಲ್ಲ. ಅವನ ಕೈ ಮಗ್ಗದ ವಿಷಯದಲ್ಲಿ ಎಂದೂ ತಪ್ಪಿರಲಿಲ್ಲ. ಆದರೆ ಮಗ್ಗದಿಂದ ಅವನಿಗೆ ಬೇಕಾಗಿದ್ದದ್ದು ಬಟ್ಟೆ, ಟಿ.ವಿ.ಯಿಂದ ಬೇಕಾಗಿದ್ದದ್ದು ಮಾತು. ಮಾತು ಅಂಗೈಗೆ ಸಿಗುವುದಿಲ್ಲ.

ಮನೆಗೆ ತಂದು ಪೆಟ್ಟಿಗೆಯನ್ನು ನಡುಗೋಡೆಗೆ ಒತ್ತಿ ಇಟ್ಟ. ತಾನೂ ಅದೇ ಗೋಡೆಗೆ ಬೆನ್ನು ಕೊಟ್ಟು ಕುಳಿತ. ಗೋಡೆ ನಡುಗಿತು, ಬೆನ್ನಿಗೆ ಹಿತವಾಯಿತು. ಪುರಾಣದ ಮಾತು ಮಾತ್ರ ಮೊದಲಿನಷ್ಟೇ ಅಸ್ಪಷ್ಟ. ಅದಕ್ಕಾಗಿ ದನಿಯನ್ನು ಇನ್ನಷ್ಟು ಏರಿಸಿದ.

ಮೂರನೆಯ ದಿನ ನೆರೆಮನೆಯ ಸೊಸೆ ಬಂದಳು. ಅವನ ಕಿವಿಯ ಬಳಿ ಬಾಗಿ ಕೂಗಿ ಹೇಳಿದಳು:

“ಕಾಕಾ, ಸ್ವಲ್ಪ ಸಣ್ಣ ಮಾಡ್ರಿ. ಅತ್ತಿ ಲೋಟ ಬಡದ್ರ ನನಗ ಕೇಳಸವಲ್ದು.”

ಅವನಿಗೆ ಪೂರ್ತಿ ಕೇಳಿಸಿತು. ಕೇಳಿಸಲಿಲ್ಲ ಎನ್ನುವ ಹಾಗಿಲ್ಲ.

“ಕೆಟ್ಟದ್ದೇನು ಹಚ್ಚಿಲ್ಲವ್ವ, ಪುರಾಣ ಹಚ್ಚೀನಿ,” ಎಂದ. “ನಿಮ್ಮ ಅತ್ತೀ ಕಿವಿಗೂ ನಾಕು ಮಾತು ಬೀಳ್ಲಿ. ಮಲಕೊಂಡಲ್ಲೇ ಪುಣ್ಯ ಬರ್ತೈತಿ.”

“ಪುಣ್ಯ ಬರೂತನಕ ನೀರು ಯಾರು ಕೊಡ್ತಾರ್ರಿ?” ಎಂದಳು ಸೊಸೆ.

“ಒಂದು ತಾಸು ತಡಿಯವ್ವ. ಮುಗೀತೈತಿ.”

ಅವಳು ಹೋದಳು. ಅಂದಿನಿಂದ ಕುಚ್ಚು ಕಟ್ಟುವುದನ್ನು ಬಿಟ್ಟು ಮತ್ತೆ ಮತ್ತೆ ಒಳಗೆ ಹೋಗಿ ನೋಡಿಬರತೊಡಗಿದಳು. ಆದರೆ ಕೆಲಸ ಮಾಡುವವರಿಗೆ ಒಂದು ತಾಸಿನಲ್ಲಿ ಎಷ್ಟು ಸಲ ಏಳಲಾದೀತು?

ಆರನೆಯ ದಿನ ಪುರಾಣದಲ್ಲಿ ಒಳ್ಳೆಯ ಘಟ್ಟ ಬಂದಿತ್ತು. ಹಾಡೂ ಇತ್ತು, ತಬಲಾ ಇತ್ತು. ನೇಕಾರ ಗೋಡೆಗೆ ಒರಗಿ ಕುಳಿತಿದ್ದ. ಅವನ ಬೆನ್ನಿಗೆ ಮೂರು ಪೆಟ್ಟು ತಿಳಿದವು. ಸ್ವಲ್ಪ ತಡೆದು ಮತ್ತೆ ಮೂರು. ಹೀಗೆ ಬಹಳ ಹೊತ್ತು ತಿಳಿಯಿತು. ತಬಲಾದ ಪೆಟ್ಟು ಕೂಡ ಎಷ್ಟು ಸ್ಪಷ್ಟವಾಗಿ ಬರುತ್ತಿದೆ, ಒಳ್ಳೆಯ ಸ್ಪೀಕರನ್ನೇ ತಂದೆ ಎಂದು ಅವನು ತಲೆದೂಗಿದ. ಕೊನೆಕೊನೆಗೆ ಆ ಪೆಟ್ಟು ಮೆತ್ತಗಾಯಿತು. ಆಮೇಲೆ ನಿಂತಿತು.

ಪುರಾಣ ಮುಗಿದು ಅವನು ಟಿ.ವಿ. ಆರಿಸಿದ ಮೇಲೆ, ಹೊರಗಿದ್ದ ಸೊಸೆಗೆ ಒಳಗಿನಿಂದ ನರಳುವ ಸದ್ದು ಕೇಳಿತು. ಅತ್ತೆ ಮಂಚದಿಂದ ಜಾರಿ, ಮಂಚಕ್ಕೂ ಗೋಡೆಗೂ ನಡುವೆ ಬಿದ್ದಿದ್ದಳು. ಲೋಟ ಕೈಯಲ್ಲೇ ಇತ್ತು. ಸೊಂಟದ ಎಲುಬು ಮುರಿದಿತ್ತು.

ಆಸ್ಪತ್ರೆಯಿಂದ ಅವಳನ್ನು ಮನೆಗೆ ಕರೆತಂದ ಮೇಲೆ ನೇಕಾರ ನೋಡಲು ಹೋದ. ಬಾಳೆಹಣ್ಣು ತೆಗೆದುಕೊಂಡು ಹೋಗಿದ್ದ. ಸೊಸೆ ಕುರ್ಚಿ ತಂದು ಮಂಚದ ಬಳಿ ಇಟ್ಟಳು, ಅಷ್ಟೆ. ಮುದುಕಿ ಏನೋ ಹೇಳಿದಳು. ಅವನಿಗೆ ಕೇಳಿಸಲಿಲ್ಲ. ಅವಳು ಎರಡನೆಯ ಸಲ ಹೇಳಲಿಲ್ಲ. ಆಡುತ್ತಿದ್ದ ಒಂದೇ ಕೈಯನ್ನು ಚಾಚಿ, ಅವನ ಅಂಗೈಯನ್ನು ಎಳೆದುಕೊಂಡು, ಅದರ ಮೇಲೆ ಬೆರಳಿನಿಂದ ಮೂರು ಸಲ ಬಡಿದಳು. ಸ್ವಲ್ಪ ತಡೆದು ಮತ್ತೆ ಮೂರು ಸಲ.

ಆಗ ಅವನಿಗೆ ಗೊತ್ತಾಯಿತು. ಅವನ ಬೆನ್ನಿಗೆ ಅದು ಆರನೆಯ ದಿನವೇ ಗೊತ್ತಿತ್ತು.

ಸೊಸೆ ಅವನ ಕಿವಿಯ ಬಳಿ ಬಾಗಿದಳು.

“ಅತ್ತಿ ಏನಂದ್ರು ಗೊತ್ತೇನು ಕಾಕಾ? ‘ನಲವತ್ತು ಮಗ್ಗ ಓಡುವಾಗ ನಿನಗ ತಿಳೀತಿತ್ತಲ್ಲೋ’ ಅಂದ್ರು.”

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಅವಳು ಬೈಯಲಿಲ್ಲ. ಅವನು ತಂದ ಹಣ್ಣನ್ನು ಕೆಳಗಿಟ್ಟು ಎದ್ದುಹೋದ.

ಮರುದಿನ ಆ ಪೆಟ್ಟಿಗೆಯನ್ನು ಹೊರಿಸಿಕೊಂಡು ಅಂಗಡಿಗೆ ಹೋಗಿ, ಅದನ್ನು ಕೊಟ್ಟು ಚಿಕ್ಕ ಸ್ಪೀಕರನ್ನು ತಂದ. ಈ ಸಲ ಅಂಗೈ ಇಟ್ಟು ನೋಡಲಿಲ್ಲ. ಅದನ್ನು ಒಂದು ಸ್ಟೂಲಿನ ಮೇಲೆ, ಕಿವಿಗೆ ಒಂದು ಗೇಣಿನಷ್ಟು ಹತ್ತಿರ ಇಟ್ಟುಕೊಂಡ. ಸ್ಟೂಲು ಗೋಡೆಗೆ ತಾಗದಂತೆ ನೋಡಿಕೊಂಡ. ಮಾತು ಪೂರ್ತಿ ತಿಳಿಯುತ್ತಿತ್ತು ಎಂದು ನಾನು ಹೇಳಲಾರೆ. ಮುಕ್ಕಾಲು ಪಾಲು ತಿಳಿಯುತ್ತಿತ್ತು. ದನಿ ಮಾತ್ರ ಅವನ ಕೋಣೆಯಲ್ಲೇ ಉಳಿಯುತ್ತಿತ್ತು. ಆಚೆ ಲೋಟ ಬಡಿದರೆ ಸೊಸೆಗೆ ಮೊದಲಿನಂತೆ ಕೇಳಿಸತೊಡಗಿತು.

ಆದರೂ ಅವನು ಕೂರುವ ಜಾಗ ಬದಲಿಸಲಿಲ್ಲ. ಪುರಾಣ ಕೇಳುವಾಗಲೆಲ್ಲ ಅಂಗೈಯನ್ನು ಹಿಂದಕ್ಕೆ ಚಾಚಿ ನಡುಗೋಡೆಯ ಮೇಲೆ ಇಟ್ಟುಕೊಂಡಿರುತ್ತಿದ್ದ. ಕೆಲಸವಿಲ್ಲದ ಒಂದು ದಿನ ಹೆಂಡತಿ ಅದನ್ನು ನೋಡಿ, “ಗ್ವಾಡಿ ಎಲ್ಲೂ ಓಡಿ ಹೋಗೂದಿಲ್ಲ, ಕೈ ತಗೀರಿ,” ಎಂದು ನಕ್ಕಳು. ಅವನು ತೆಗೆಯಲಿಲ್ಲ.

ಹೀಗೆ ಕೆಲವು ತಿಂಗಳು ಹೋದವು. ಒಂದು ದಿನ ಪುರಾಣ ಅದರ ಕೊನೆಗೆ ಬಂದಿತ್ತು. ತಿಂಗಳುಗಟ್ಟಲೆ ಕೇಳಿದ ಕತೆ ಇನ್ನು ಐದು ನಿಮಿಷದಲ್ಲಿ ಮುಗಿಯುವುದಿತ್ತು. ಆಗ ಗೋಡೆಯ ಮೇಲೆ ಮೂರು ಪೆಟ್ಟು ಬಿದ್ದವು. ಸ್ವಲ್ಪ ತಡೆದು ಮತ್ತೆ ಮೂರು. ಆ ಹೊತ್ತಿಗೆ ಸೊಸೆ ಬೀದಿಯ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದಳು. ಅಷ್ಟು ದೂರಕ್ಕೆ ಲೋಟದ ಸದ್ದು ಕೇಳಿಸುವಂತಿರಲಿಲ್ಲ. ನೇಕಾರ ಎದ್ದ. ಚಪ್ಪಲಿ ಹಾಕಿಕೊಳ್ಳಲಿಲ್ಲ. ಬೀದಿಗೆ ಬಂದು, “ಎಳಿ ಹರದೈತವ್ವ, ಲಗೂನ ಬಾ!” ಎಂದು ಕೂಗಿ, ತಾನು ಮೊದಲೇ ಒಳಗೆ ಹೋದ. ಮುದುಕಿಗೆ ನೀರು ನೆತ್ತಿಗೆ ಹತ್ತಿ ಉಸಿರು ಕಟ್ಟಿತ್ತು. ಅವಳನ್ನು ಎತ್ತಿ ಕೂರಿಸಿದ. ಸೊಸೆ ಓಡಿಬಂದು ಬೆನ್ನು ತಟ್ಟಿದಳು. ಮುದುಕಿ ಉಸಿರಾಡಿದಳು.

ಪುರಾಣದ ಕೊನೆ ಏನಾಯಿತೆಂದು ನೇಕಾರನಿಗೆ ಕಡೆಯವರೆಗೂ ತಿಳಿಯಲಿಲ್ಲ.

ಗುರುಗಳು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು. ಅಡವಯ್ಯನಿಗೆ ಕತೆ ಅರ್ಥವಾಯಿತು ಎಂದೇ ಅನ್ನಿಸಿತು. ತಾನು ಕೇಳಿದ್ದು ಸ್ಪೀಕರಿನ ವಿಷಯ. ಅದಕ್ಕೆ ಉತ್ತರ ಸಿಕ್ಕಿತ್ತು.

“ತಿಳಿಯಿತು ಗುರುಗಳೇ,” ಎಂದ. “ದೊಡ್ಡದನ್ನು ನಾಳೆಯೇ ಅಂಗಡಿಗೆ ಕೊಟ್ಟುಬರುತ್ತೇನೆ. ಚಿಕ್ಕದನ್ನು ಇಟ್ಟುಕೊಂಡು, ಕಿವಿ ಮಂದವಾದವರನ್ನು ಅದರ ಹತ್ತಿರ ಕೂರಿಸುತ್ತೇನೆ.”

“ಹಾಗೇ ಮಾಡು,” ಎಂದರು ಗುರುಗಳು. ಆಮೇಲೆ ಕೇಳಿದರು: “ಎರಡು ಸಂಜೆ ಹೇಳಿ ಕಳುಹಿಸಿದರಲ್ಲ, ಆ ಮನೆಯಲ್ಲಿ ಮಲಗಿರುವವರು ಯಾರು?”

ಅದನ್ನು ಕೇಳಿ ತಿಳಿಯಲು ಅಡವಯ್ಯ ಎದ್ದು ಪಕ್ಕದ ಮನೆಯ ಕಡೆ ನಡೆದ.