ಕೈಮರದ ಒಂದು ದಿನದ ಮಾತು

ಇಂಟರ್‌ನೆಟ್ ಎಂಬ ಮಂಜಿನ ನಾಡಿನಲ್ಲಿ, ಹೆಸರು ಹೇಳಿದರೆ ದಾರಿ ತೋರುವ ಡಿಎನ್‌ಎಸ್ ಎಂಬ ಕೈಮರವಿತ್ತು. ಅಲ್ಲಿ ಬೆಳ್ಳಿಕೊಳ ಎಂಬ ಒಂದೇ ಹೆಸರಿನ ಕೊಳಗಳು ಮೂಡಲಲ್ಲೂ ಪಡುವಲಲ್ಲೂ ಮಿನುಗುತ್ತಿದ್ದವು. ಯಾವ ಹಕ್ಕಿ ಕೇಳಿದರೂ ಕೈಮರ ಅದಕ್ಕೆ ಹತ್ತಿರದ, ನೀರಿರುವ ಕೊಳದತ್ತ ಕೈ ತಿರುಗಿಸುತ್ತಿತ್ತು.

ಒಂದು ದಿನ ಬೆಳ್ಳಕ್ಕಿ ಬೆಳ್ಳಿಕೊಳದ ದಾರಿ ಕೇಳಿತು. “ಪಡುವಲಿಗೆ ಹೋಗು. ಈ ಮಾತು ಸಂಜೆಯವರೆಗೆ ಮಾತ್ರ. ನಾಳೆ ಮತ್ತೆ ಕೇಳು,” ಎಂದಿತು ಕೈಮರ.

ಮರುದಿನ ಬೆಳ್ಳಕ್ಕಿ, “ನನಗೆ ದಾರಿ ಬಾಯಿಪಾಠ,” ಎಂದು ಮೂರು ಮರಿಗಳೊಂದಿಗೆ ನೇರ ಪಡುವಲಿಗೆ ಹಾರಿತು. ಆ ಕೊಳ ಬತ್ತಿಹೋಗಿತ್ತು. ಬೆಳ್ಳಕ್ಕಿ ಕೈಮರದ ಬಳಿಗೆ ಮರಳಿ ಬಂದಾಗ ಜೊತೆಗಿದ್ದದ್ದು ಎರಡೇ ಮರಿ. ಕೈಮರದ ಕೈ ಬೆಳಗಿನಿಂದಲೂ ಮೂಡಲಿಗೆ ತಿರುಗಿತ್ತು.

“ಪಡುವಲೆಂದು ನೀನೇ ಹೇಳಿದ್ದೆಯಲ್ಲ!” ಎಂದು ಬೆಳ್ಳಕ್ಕಿ ಚೀರಿತು.

“ಹೇಳಿದ್ದೆ,” ಎಂದಿತು ಕೈಮರ. “ನಿನ್ನೆಯ ಮಟ್ಟಿಗೆ ಹೇಳಿದ್ದೆ.”